ಜೋಬಿನ್‌ನ ಜೀವಕೋಶಗಳು

ನನ್ನ ಗಂಡ ಜೋಬಿನ್ ತೀರಿಕೊಂಡ ಮೇಲೂ, ಸಂಶೋಧನೆಗೆಂದು ಅವನೇ ಕೊಟ್ಟಿದ್ದ ಚರ್ಮದ ಜೀವಕೋಶಗಳು ಪುತ್ತೂರಿನ ನಮ್ಮ ಪ್ರಯೋಗಾಲಯದಲ್ಲಿ ಬೆಳೆಯುತ್ತಿದ್ದವು. ಡಿಎನ್‌ಎ ಕತ್ತರಿಸುವ ಕತ್ತರಿಯಂಥ ಪ್ರೋಟೀನನ್ನು ಮೊಂಡು ಮಾಡಿ, ಹೊಳೆಯುವ ಬಣ್ಣ ಸೇರಿಸಿ ಕೋಶದೊಳಗೆ ಬಿಟ್ಟರೆ ಅದು ಕತ್ತರಿಸದೆ ಅಂಟಿಕೊಳ್ಳುತ್ತದೆ. ಆಗ ಜೀವಂತ ಕೋಶದಲ್ಲೇ ಡಿಎನ್‌ಎ ಹಸಿರು ಚುಕ್ಕೆಯಾಗಿ ಕಾಣುತ್ತದೆ.

ಅವನು ತೀರಿಕೊಂಡ ವರ್ಷದ ಪ್ರಾರ್ಥನೆಗೆ ಮೊದಲು ಅತ್ತೆ ವತ್ಸಮ್ಮ ಕೋಡಿಂಬಾಳದಿಂದ ಬಂದರು. ಸೊಸೆಯಾದ ನನ್ನನ್ನು ಅವರು ಮಗಳೆಂಬಂತೆ 'ಮೋಳೆ' ಎಂದೇ ಕರೆಯುವುದು.

"ಅವ ಪೂರ್ತಿ ಹೋಗದೆ ನಾವು ಎಂತ ಪ್ರಾರ್ಥನೆ ಮಾಡುದು ಮೋಳೆ? ಒಮ್ಮೆ ತೋರಿಸು, ಮತ್ತೆ ಬಿಟ್ಟುಬಿಡು."

ನಾನು ಒಪ್ಪಿದೆ. ಕೋಶ ಬೆಳೆಸುವ ಬೆಚ್ಚಗಿನ ಪೆಟ್ಟಿಗೆಯಿಂದ ತೆಗೆದರೂ ತಟ್ಟೆ ಬೆರಳಿಗೆ ತಣ್ಣಗೆ ತಾಗಿತು. ಸೂಕ್ಷ್ಮದರ್ಶಕದ ಪರದೆಯಲ್ಲಿ ಹಸಿರು ಚುಕ್ಕೆಗಳು ಸಣ್ಣಗೆ ನಡುಗುತ್ತಿದ್ದವು.

"ಮೋನೇ," ಎಂದು ಅತ್ತೆ ಮಗನನ್ನು ಕರೆದರು.

ಚುಕ್ಕೆಗಳೆಲ್ಲ ಒಮ್ಮೆಲೇ ನಿಂತವು. ಆಮೇಲೆ ಅತ್ತೆ ನಿಂತಿದ್ದ ಬದಿಗೆ ಸರಿದವು.

"ಅವನಿಗೆ ಕೇಳ್ತದಾ?"

"ಇಲ್ಲ ಅಮ್ಮಚ್ಚಿ. ಕೋಶಕ್ಕೆ ಎಲ್ಲಿಯ ಕಿವಿ?"

"ಮತ್ತೆ ನೀನ್ಯಾಕೆ ನಡುಗುದು?"

ಕೋಶಗಳನ್ನು ಕೊನೆಗಾಣಿಸಲು ಬ್ಲೀಚ್ ಬಾಟಲಿ ಎತ್ತಿದಾಗ ತಟ್ಟೆಯ ಮುಚ್ಚಳದ ಮೇಲಿನ ನನ್ನದೇ ಬರಹ ಕಂಡಿತು. ಅವಸರದಲ್ಲಿ ಬೇರೆ ತಟ್ಟೆ ತೆಗೆದಿದ್ದೆ. ಅದು ಹೋಲಿಸಿ ನೋಡಲೆಂದು ಇಟ್ಟುಕೊಂಡಿದ್ದ, ಜೋಬಿನ್‌ನದೇ ಕೋಶಗಳ ತಟ್ಟೆ. ಆ ಕೋಶಗಳಿಗೆ ನಾನು ಬಣ್ಣವನ್ನೇ ಹಾಕಿರಲಿಲ್ಲ.

ಬಾಟಲಿ ಕೆಳಗಿಟ್ಟು, ತಟ್ಟೆಯನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿದೆ. ಅವನು ಪೂರ್ತಿ ಹೋದನೆಂಬಂತೆಯೇ ಪ್ರಾರ್ಥನೆ ನಡೆದುಹೋಯಿತು. ತಟ್ಟೆ ಇನ್ನೂ ಪೆಟ್ಟಿಗೆಯೊಳಗೇ ಇದೆ.