ಮೌಸಿನ ಮೇಲೆ ಎರಡು ಕೈ

"ಅಣ್ಣಾ, ಏಳೋ! ಇನ್ನು ಐದೇ ನಿಮಿಷ ಇರೋದು!"

ಬುಗುರಿ ಅಣ್ಣನ ಭುಜ ಹಿಡಿದು ಜೋರಾಗಿ ಅಲ್ಲಾಡಿಸಿದಳು. ಅವನು ಏಳುವ ಲಕ್ಷಣವೇ ಕಾಣಲಿಲ್ಲ. ಅಮ್ಮನ ಮಂಚದ ಮೇಲೆ ಅಡ್ಡಡ್ಡ ಬಿದ್ದುಕೊಂಡು, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದ.

ಬುಗುರಿ ಅನ್ನುವುದು ಅವಳ ನಿಜವಾದ ಹೆಸರಲ್ಲ ಬಿಡಿ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ, ಅದಕ್ಕೇ ಚಿಕ್ಕಮ್ಮ ಹಾಗೆ ಕರೆದಳು, ಅದೇ ನಿಂತುಬಿಟ್ಟಿತು. ಅಣ್ಣನಿಗೂ ಚಿಕ್ಕಮ್ಮನೇ ಹೆಸರಿಟ್ಟಿದ್ದಳು. ತಕ್ಕಡಿ! ಪೆನ್ಸಿಲ್ ಕೊಳ್ಳಲು ಹೋದರೂ ಅವನು ಎರಡೆರಡು ಪೆನ್ಸಿಲಿನಲ್ಲಿ ಗೀಚಿ ನೋಡಿ, ಮೂಸಿ ನೋಡಿ, ಅಂಗಡಿಯವರು ಆಕಳಿಸುವ ಹೊತ್ತಿಗೆ ಒಂದನ್ನು ಆರಿಸುತ್ತಿದ್ದ.

ಮಂಚದ ಪಕ್ಕದಲ್ಲೇ ಮೇಜು, ಮೇಜಿನ ಮೇಲೆ ಅವರ ಹಳೇ ಕಂಪ್ಯೂಟರ್. ಪರದೆಯ ಮೇಲೆ ಹೊಸ ಗ್ರಾಫಿಕ್ಸ್ ಕಾರ್ಡು ಥಳಥಳ ಹೊಳೆಯುತ್ತಿತ್ತು. ಕಂಪ್ಯೂಟರಿನೊಳಗೆ ಕೂತು ಚಿತ್ರಗಳನ್ನು ಸರಸರ ಓಡಿಸುವ ಭಾಗ ಅದು. ಕೆಂಪು ಬಣ್ಣ, ಅಂಚಿನಲ್ಲಿ ನೀಲಿ ಲೈಟು! ಅದರ ಪ್ರೀ-ಆರ್ಡರ್, ಅಂದರೆ ಮಾರಾಟಕ್ಕೆ ಬರುವ ಮೊದಲೇ ಕಾದಿರಿಸುವುದು, ಇವತ್ತು ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು. ಅದನ್ನು ಓಡಿಸಿ ನೋಡಿದವರ ರಿವ್ಯೂಗಳು ಬರುವುದು ಮಾತ್ರ ಮುಂದಿನ ಶನಿವಾರ.

ಬುಗುರಿಗೆ ಆ ಕಾರ್ಡು ಬೇಕೇ ಬೇಕಿತ್ತು. ಅಣ್ಣ ತಂಗಿ ಸೇರಿ ಶಾಲೆಯ ಸಿನಿಮಾ ದಿನಕ್ಕೆ ಒಂದು ಕಾರ್ಟೂನ್ ಮಾಡುತ್ತಿದ್ದರು. ಮೀಸೆರಾಯ ಎಂಬ ಬೆಕ್ಕು ಗೋಡೆಯಿಂದ ಗೋಡೆಗೆ ಹಾರಿಕೊಂಡು ಮನೆಮನೆಗೆ ಪೇಪರ್ ಹಾಕುವ ಕತೆ. ಚಿತ್ರವೆಲ್ಲ ಬುಗುರಿಯದು, ಅದನ್ನು ಓಡಿಸುವುದು ಅಣ್ಣ. ಆದರೆ ಮೀಸೆರಾಯ ಹಾರಿದಾಗಲೆಲ್ಲ ಹಳೇ ಕಂಪ್ಯೂಟರ್ ಗಕ್ಕನೆ ನಿಂತುಬಿಡುತ್ತಿತ್ತು. ಪಾಪ, ಬೆಕ್ಕು ನಡುಗಾಳಿಯಲ್ಲಿ ನಾಲ್ಕೂ ಕಾಲು ಚಾಚಿಕೊಂಡು ನೇತಾಡುತ್ತಿತ್ತು.

ಎರಡು ವರ್ಷ ಇಬ್ಬರೂ ಹುಟ್ಟುಹಬ್ಬಕ್ಕೆ ಏನೂ ಬೇಡ ಎಂದು ಹಟ ಹಿಡಿದು ಈ ಕಾರ್ಡಿಗಾಗಿ ಕೂಡಿಟ್ಟಿದ್ದರು. ಅಮ್ಮ ಒಂದೇ ಒಂದು ಷರತ್ತು ಹಾಕಿದ್ದಳು. ಅಮ್ಮ ಸಿಟಿ ಬಸ್ ಡ್ರೈವರ್. ಅವಳ ನಿಯಮಗಳೂ ಬಸ್ಸಿನಿಂದಲೇ ಬರುತ್ತಿದ್ದವು.

"ಕಂಡಕ್ಟರ್ ಬೆಲ್ ಮಾಡ್ಬೇಕು, ನಾನು ಗೇರ್ ಹಾಕ್ಬೇಕು. ಆಗಲೇ ಬಸ್ ಹೊರಡೋದು. ಇದೂ ಹಾಗೇನೇ. ಬಟನ್ ಒತ್ತೋವಾಗ ಮೌಸಿನ ಮೇಲೆ ಇಬ್ಬರ ಕೈಯೂ ಇರ್ಬೇಕು."

ಬೆಳಿಗ್ಗೆಯಿಂದ ಬುಗುರಿ ಗೋಗರೆದಿದ್ದಳು. ಅಣ್ಣನದು ಒಂದೇ ಹಾಡು. "ರಿವ್ಯೂ ಬರ್ಲಿ ಕಣೇ."

"ಅಷ್ಟೊತ್ತಿಗೆ ಸ್ಟಾಕ್ ಖಾಲಿ ಆಗಿರುತ್ತೆ ಕಣೋ!"

"ಒಂದು ವಿಷಯ ಗೊತ್ತಾಗ್ಬೇಕು. ನೋಡೋಣ ಇರು."

ನೋಡೋಣ ಎಂದವನು ಊಟ ಮಾಡಿ ನಿದ್ದೆ ಹೊಡೆಯಬೇಕೇ!

ಪರದೆಯಲ್ಲಿ ಅಂಕಿ ಇಳಿಯುತ್ತಿತ್ತು. ಬುಗುರಿ ಮತ್ತೆ ಅಣ್ಣನ ಭುಜ ಅಲುಗಿಸಿದಳು. "ಅಣ್ಣಾ, ಒತ್ತಲಾ? ಹೇಳೋ, ಒತ್ತಲಾ?"

"ಹೂಂ..." ಎಂದು ಗೊಣಗಿ ಅಣ್ಣ ಮಗ್ಗುಲು ಬದಲಿಸಿದ. ಅವನ ಬಲಗೈ ಮಂಚದ ಅಂಚಿಗೆ ಬಂದು ಬಿತ್ತು.

ಹೂಂ ಅಂದನಲ್ಲ! ಬುಗುರಿ ಮೌಸನ್ನು ಎಳೆದಳು. ವೈರು ಬಿಗಿಯಾದರೂ ಮಂಚದ ಅಂಚಿನವರೆಗೆ ಸರಿಯಾಗಿ ಸಾಕಾಯಿತು. ಅಣ್ಣನ ಬೆಚ್ಚಗಿನ ಕೈಯನ್ನು ಮೆಲ್ಲಗೆ ಎತ್ತಿ ಮೌಸಿನ ಮೇಲಿಟ್ಟಳು. ಅದರ ಮೇಲೆ ತನ್ನ ಕೈ. ಅವನ ಬೆರಳಿನ ಮೇಲೆ ತನ್ನ ಬೆರಳು.

ಮೂರು ಗಂಟೆ. ಕ್ಲಿಕ್!

"ನಿಮ್ಮ ಆರ್ಡರ್ ಬುಕ್ ಆಗಿದೆ!" ಪರದೆಯ ತುಂಬ ಬಣ್ಣದ ಚೂರುಗಳು ಹಾರಿದವು. ಬುಗುರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಇಡೀ ಕೋಣೆ ಕುಣಿದಳು. ಮತ್ತೆ ನೋಡುವಷ್ಟರಲ್ಲಿ ಅಲ್ಲಿ ಸ್ಟಾಕ್ ಮುಗಿದಿದೆ ಎಂದು ಬಂದೇಬಿಟ್ಟಿತ್ತು. ಅಬ್ಬಾ, ಕೂದಲೆಳೆಯ ಅಂತರದಲ್ಲಿ ಸಿಕ್ಕಿದ್ದು!

ಅಣ್ಣ ಎದ್ದು ಕಣ್ಣುಜ್ಜಿಕೊಂಡು ಪರದೆ ನೋಡಿದ. ಆಮೇಲೆ ಮಂಚದ ತುದಿಗೆ ಬಂದು ಕೂತಿದ್ದ ಮೌಸನ್ನು ನೋಡಿದ.

"ಯಾರು ಒತ್ತಿದ್ದು?"

"ನಾವಿಬ್ರೂ! ನಿನ್ನ ಕೈಯೂ ಇತ್ತು. ನೀನೇ ಹೂಂ ಅಂದೆಯಲ್ಲ!"

"ನಾನು ಹೂಂ ಅಂದಿದ್ದು ಕನಸಿಗೆ ಕಣೇ."

ಈಗ ಜಗಳ ಶುರುವಾಗುತ್ತದೆ ಎಂದು ಬುಗುರಿ ಸೊಂಟದ ಮೇಲೆ ಕೈಯಿಟ್ಟು ಸಿದ್ಧವಾದಳು. ಜಗಳ ಬರಲಿಲ್ಲ. ಅಣ್ಣ ಮೌಸನ್ನು ಎತ್ತಿ ಮೇಜಿನ ಮೇಲಿಟ್ಟು ಹೊರಗೆ ಹೋದ. ರಾತ್ರಿ ಅಮ್ಮ ಕೇಳಿದಾಗಲೂ "ಆರ್ಡರ್ ಆಯ್ತಮ್ಮ" ಎಂದನೇ ಹೊರತು ಚಾಡಿ ಹೇಳಲಿಲ್ಲ.

ಸೋಮವಾರ ಬುಗುರಿ ಶಾಲೆಗೆಲ್ಲ ಡಂಗುರ ಸಾರಿದಳು. "ಪ್ರೀ-ಆರ್ಡರ್ ಮಾಡಿದೀವಿ! ಮೀಸೆರಾಯ ಇನ್ನು ರಾಕೆಟ್ ಥರ ಹಾರ್ತಾನೆ!" ಕ್ಲಾಸಿನವರೆಲ್ಲ ಕಣ್ಣು ಬಾಯಿ ಬಿಟ್ಟು ಕೇಳಿದರು.

ಮನೆಗೆ ಬಂದರೆ ಮಾತ್ರ ಮಜಾನೇ ಇಲ್ಲ.

"ಅಣ್ಣಾ, ಮೀಸೆರಾಯನ ಬಾಲ ಬೂದು ಮಾಡ್ಲಾ, ಕಂದು ಮಾಡ್ಲಾ?"

"ನಿನ್ನಿಷ್ಟ."

"ಹಾರೋವಾಗ ಕಿವಿ ಹಿಂದಕ್ಕೆ ಹೋಗ್ಬೇಕಾ?"

"ನಿನ್ನಿಷ್ಟ ಕಣೇ."

ಮೊದಲಾಗಿದ್ದರೆ ಒಂದು ಬಾಲಕ್ಕೆ ಅರ್ಧ ಗಂಟೆ ವಾದ ನಡೆಯುತ್ತಿತ್ತು. ಇವನು ತಲೆ ತಿನ್ನುತ್ತಾನಪ್ಪಾ ಎಂದು ಬುಗುರಿ ಎಷ್ಟೋ ಸಲ ಗೊಣಗಿದ್ದಳು. ಈಗ ಯಾರೂ ತಲೆ ತಿನ್ನುತ್ತಿಲ್ಲ. ತನಗೆ ಬೇಕಾದ ಹಾಗೆ ಬೂದು ಬಾಲ ಬರೆದಳು. ಬಾಲ ಹಳೇ ಹಗ್ಗದ ಹಾಗೆ ಕಾಣಿಸಿತು. ಅಳಿಸಿದಳು.

ಶನಿವಾರ ಬಂತು! ರಿವ್ಯೂ ದಿನ! ಬುಗುರಿ ಮಧ್ಯಾಹ್ನವೇ ಚಿಕ್ಕಮ್ಮನ ಅಂಗಡಿಗೆ ಓಡಿದಳು. ಚಿಕ್ಕಮ್ಮ ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಳು. ಅವಳ ಮೇಜಿನ ಮೇಲೆ ಹಿಡಿ ಮುರಿದ ಕಪ್ಪುಗಳು, ಕಪ್ಪುಗಳ ತುಂಬ ಸ್ಕ್ರೂಗಳು.

"ನಿನ್ನಣ್ಣ ಬರ್ಲಿಲ್ವಾ?"

"ಕರೆದೆ. ನೀನೇ ನೋಡ್ಕೊಂಡು ಬಾ ಅಂದ."

ಚಿಕ್ಕಮ್ಮ ಒಂದು ಹುಬ್ಬು ಏರಿಸಿದಳು. ವಿಡಿಯೋ ಹಾಕಿದಳು. ಗಡ್ಡದ ರಿವ್ಯೂ ಅಂಕಲ್ ಕೆಂಪು ಕಾರ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತೋರಿಸಿದರು. ಹಳೇ ಕಾರ್ಡಿನಲ್ಲಿ ತಡವರಿಸುತ್ತಿದ್ದ ಚಿತ್ರ ಹೊಸದರಲ್ಲಿ ನೀರಿನ ಹಾಗೆ ಓಡಿತು.

"ಚಿಕ್ಕಮ್ಮಾ, ನೋಡೇ ನೋಡೇ! ನಾನು ಹೇಳ್ಲಿಲ್ವಾ?" ಬುಗುರಿ ಸ್ಟೂಲಿನಿಂದ ಜಿಗಿದ ರಭಸಕ್ಕೆ ಒಂದು ಕಪ್ಪು ಉರುಳಿ ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿಯಾದವು. ಇಬ್ಬರೂ ನಗುತ್ತ ನೆಲದಲ್ಲಿ ಹುಡುಕುತ್ತಿರುವಾಗ ರಿವ್ಯೂ ಅಂಕಲ್ ಹೇಳುವುದು ಕೇಳಿಸಿತು.

"ಒಂದೇ ತೊಂದರೆ. ಕೆಲಸ ಶುರುವಾದ್ರೆ ಇದರ ಫ್ಯಾನು ಸಿಕ್ಕಾಪಟ್ಟೆ ಸದ್ದು ಮಾಡುತ್ತೆ. ಪಕ್ಕದಲ್ಲೇ ಹೇರ್ ಡ್ರೈಯರನ್ನ ಸ್ಲೋನಲ್ಲಿ ಇಟ್ಟ ಹಾಗೆ!"

ಚಿಕ್ಕಮ್ಮ ತಲೆ ಎತ್ತಿದಳು. "ಓಹೋ. ನಿನ್ನಣ್ಣ ಕೇಳಿದ್ದು ಇದನ್ನೇ."

"ಅಣ್ಣ ಇಲ್ಲಿಗೆ ಬಂದಿದ್ನಾ?"

"ನೀವು ಆರ್ಡರ್ ಮಾಡೋ ಹಿಂದಿನ ದಿನ. ಕಾರ್ಡು ನಿಮ್ಮ ಕಂಪ್ಯೂಟರ್ ಡಬ್ಬದಲ್ಲಿ ಹಿಡಿಸುತ್ತಾ ನೋಡ್ಬೇಕು ಅಂತ ಅಳತೆ ಕೇಳಿ ರಟ್ಟಿನಲ್ಲಿ ಕತ್ತರಿಸ್ಕೊಂಡು ಹೋದ. ಸದ್ದು ಎಷ್ಟು ಚಿಕ್ಕಮ್ಮ ಅಂದ. ಅದು ನಂಗೇನು ಗೊತ್ತು? ಯಾರಾದ್ರೂ ಹಾಕಿ ಓಡಿಸಿದ್ಮೇಲೆ ತಾನೇ ಗೊತ್ತಾಗೋದು!"

"ಸದ್ದಾದ್ರೆ ಏನಂತೆ?"

"ನಿಮ್ಮ ಕಂಪ್ಯೂಟರ್ ಇರೋದು ಎಲ್ಲೇ, ಬುಗುರಿ?"

ಬುಗುರಿ ಕೈಯಲ್ಲಿದ್ದ ಸ್ಕ್ರೂಗಳನ್ನು ಕಪ್ಪಿಗೆ ಸುರಿದಳು. ಒಂದೇ ಉಸಿರಿಗೆ ಮನೆಗೆ ಓಡಿದಳು.

ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ಇನ್ನೂ ಕತ್ತಲಿರುವಾಗಲೇ ಎದ್ದು ಮೊದಲ ಬಸ್ಸು ಓಡಿಸಿ ಬಂದಿದ್ದ ಅಮ್ಮ ಮಂಚದ ಮೇಲೆ ಮಲಗಿದ್ದಳು. ಅವಳ ತಲೆಯಿಂದ ಕಂಪ್ಯೂಟರ್ ಡಬ್ಬಕ್ಕೆ ಒಂದು ಮೌಸಿನ ವೈರಿನಷ್ಟು ದೂರ, ಅಷ್ಟೇ.

ಬುಗುರಿ ಡಬ್ಬದ ಪಕ್ಕದ ಮುಚ್ಚಳವನ್ನು ಸದ್ದಾಗದಂತೆ ತೆಗೆದಳು. ಒಳಗೆ ರಟ್ಟಿನ ಕಾರ್ಡೊಂದು ಠೀವಿಯಿಂದ ಕೂತಿತ್ತು. ಅದಕ್ಕೆ ಜಾಗವಾಗಲೆಂದು ವೈರುಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ದಾರದಲ್ಲಿ ಕಟ್ಟಿತ್ತು. ರಟ್ಟಿಗೆ ಅಣ್ಣ ಕೆಂಪು ಬಣ್ಣ ಬೇರೆ ಬಳಿದಿದ್ದ! ಅಂಚಿನಲ್ಲಿ ಸ್ಕೆಚ್ ಪೆನ್ನಿನ ನೀಲಿ ಲೈಟು!

ಆ ಭಾನುವಾರ ಅವನು ಯಾಕೆ ಅಷ್ಟು ನಿದ್ದೆ ಮಾಡಿದ್ದ ಎಂದು ಈಗ ಗೊತ್ತಾಯಿತು. ಹಿಂದಿನ ರಾತ್ರಿಯೆಲ್ಲ ಎದ್ದಿದ್ದು ಇದನ್ನು ಮಾಡಿದ್ದ. ತನ್ನಷ್ಟೇ ಆಸೆ ಅವನಿಗೂ ಇತ್ತು. ಬುಗುರಿ ಮುಚ್ಚಳವನ್ನು ಮೆಲ್ಲಗೆ ಮತ್ತೆ ಹಾಕಿದಳು.

ಅಣ್ಣ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ, ಮೂಲೆ ಮೂಲೆಗೂ ಸಮನಾಗಿ. ಬುಗುರಿ ಹೋಗಿ ಎದುರಿಗೆ ನಿಂತಳು.

"ಅಣ್ಣಾ, ನೀನು ಹೂಂ ಅಂದಿದ್ದು ನಿದ್ದೆಯಲ್ಲೇ ಅಂತ ನಂಗೆ ಆಗಲೇ ಗೊತ್ತಿತ್ತು."

ಅಣ್ಣನ ಚಾಕು ನಿಂತಿತು.

"ಗೊತ್ತಿದ್ದೂ ಒತ್ತಿದೆ. ಸಾರಿ ಕಣೋ. ಕಾರ್ಡು ಹೇರ್ ಡ್ರೈಯರ್ ಥರ ಸದ್ದು ಮಾಡುತ್ತಂತೆ."

"ಫಾಸ್ಟಾ, ಸ್ಲೋನಾ?"

"ಸ್ಲೋ."

ಅಣ್ಣನ ಕಣ್ಣಿನಲ್ಲಿ ತಕ್ಕಡಿ ಅಲ್ಲಾಡಿತು. ಒಂದು ವಾರದ ಮೇಲೆ ಮೊದಲ ಸಲ! "ಸ್ಲೋ ಆದ್ರೆ ಅಮ್ಮಂಗೆ ಎಚ್ಚರ ಆಗದೇನೂ ಇರ್ಬಹುದು," ಎಂದ.

"ನೋಡೇಬಿಡೋಣ್ವಾ?"

ಇಬ್ಬರೂ ಕಳ್ಳ ಹೆಜ್ಜೆ ಹಾಕುತ್ತ ಕೋಣೆಗೆ ಹೋದರು. ಹೇರ್ ಡ್ರೈಯರನ್ನು ಕಂಪ್ಯೂಟರ್ ಡಬ್ಬದ ಮೇಲಿಟ್ಟು ಅಣ್ಣ ಪ್ಲಗ್ ಹಾಕಿದ. ಬುಗುರಿ ಎರಡೂ ಕೈಯ ಬೆರಳು ಹೆಣೆದುಕೊಂಡು ಮನಸ್ಸಿನಲ್ಲೇ 'ಏಳಬೇಡಮ್ಮಾ, ಏಳಬೇಡಮ್ಮಾ' ಎಂದುಕೊಂಡಳು. ಮೀಸೆರಾಯ ಅವಳ ಕಣ್ಣ ಮುಂದೆ ಗೋಡೆಯ ಅಂಚಿನಲ್ಲಿ ಹಾರಲು ತಯಾರಾಗಿ ನಿಂತಿದ್ದ.

ಭುರ್ರ್ರ್...

ಅಮ್ಮ ದಡಕ್ಕನೆ ಎದ್ದು ಕೂತಳು. ಕಣ್ಣು ಬಿಡದೆಯೇ ಎಡಗೈಯಿಂದ ಗಾಳಿಯಲ್ಲಿ ಗೇರ್ ಹುಡುಕಿದಳು. "ಬೆಲ್ ಆಯ್ತಾ? ಎಲ್ರೂ ಹತ್ತಿದ್ರಾ?"

"ಹತ್ತಿದ್ರಮ್ಮ, ನೀನು ಮಲ್ಕೋ," ಅಣ್ಣ ಗಾಬರಿಯಿಂದ ಸ್ವಿಚ್ ಆರಿಸಿದ.

ಅಮ್ಮ ಪಾಪ, ಹಾಗೇ ದಿಂಬಿಗೆ ಒರಗಿದಳು. ಅಣ್ಣ ತಂಗಿ ಬಾಯಿಗೆ ಕೈ ಒತ್ತಿ ಹಿಡಿದು, ಹೊಟ್ಟೆ ನೋಯುವಷ್ಟು ನಕ್ಕರು. ನಗು ನಿಂತ ಮೇಲೆ ಬುಗುರಿ ಅಮ್ಮನ ಮುಖ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಾಳೆ ಬೆಳಿಗ್ಗೆ ಆ ಕಣ್ಣುಗಳೇ ಬಸ್ ತುಂಬ ಜನರನ್ನು ಕರೆದುಕೊಂಡು ಹೋಗಬೇಕು.

ಬುಗುರಿ ಕಂಪ್ಯೂಟರ್ ಮುಂದೆ ಕೂತು ಆರ್ಡರ್ ತೆರೆದಳು. ಕಾರ್ಡು ಇನ್ನೂ ಹೊರಟಿರಲಿಲ್ಲ. ಕೆಳಗೆ ಬೂದು ಬಣ್ಣದ 'ಕ್ಯಾನ್ಸಲ್' ಬಟನ್ ಇತ್ತು. ಬಾಣವನ್ನು ಅದರ ಮೇಲೆ ನಿಲ್ಲಿಸಿ, ಮೌಸಿನ ಅರ್ಧಕ್ಕೆ ಮಾತ್ರ ತನ್ನ ಕೈ ಇಟ್ಟಳು. ಉಳಿದರ್ಧ ಖಾಲಿ ಬಿಟ್ಟಳು.

ಅಣ್ಣ ಯೋಚಿಸಿದ. ಕೆನ್ನೆ ಕೆರೆದುಕೊಂಡ. ಮತ್ತೆ ಯೋಚಿಸಿದ. ಬುಗುರಿ ಬೇಗ ಬೇಗ ಎನ್ನಲಿಲ್ಲ. ಅವಳ ಕಾಲೂ ಕುಣಿಯಲಿಲ್ಲ.

"ದೊಡ್ಡ ಫ್ಯಾನಿರೋ ಮಾಡೆಲ್ ಬರುತ್ತಂತೆ. ಅದು ಸದ್ದು ಕಮ್ಮಿ ಇರ್ಬಹುದು," ಎಂದ ಪಿಸುದನಿಯಲ್ಲಿ.

"ಸಿನಿಮಾ ದಿನದೊಳಗೆ ಬರುತ್ತಾ?"

"ಗೊತ್ತಿಲ್ಲ."

ಬುಗುರಿಯ ಕಣ್ಣಲ್ಲಿ ನೀರು ತುಂಬಿತು. ಆದರೆ ಕೈ ತೆಗೆಯಲಿಲ್ಲ. ಅಣ್ಣನ ಕೈ ಬಂದು ಪಕ್ಕದಲ್ಲಿ ಕೂತಿತು. ಈ ಸಲ ಅದನ್ನು ಯಾರೂ ಎತ್ತಿ ಇಟ್ಟಿರಲಿಲ್ಲ.

ಕ್ಲಿಕ್.

ಬಣ್ಣದ ಚೂರುಗಳು ಹಾರಲಿಲ್ಲ. ಪರದೆ ಸುಮ್ಮನೆ ಬೆಳ್ಳಗಾಯಿತು. ಅಣ್ಣ ಕುರ್ಚಿ ಎಳೆದುಕೊಂಡು ಮೀಸೆರಾಯನನ್ನು ತೆರೆದ. ಬೆಕ್ಕು ಎಂದಿನಂತೆ ನಡುಗಾಳಿಯಲ್ಲಿ ನೇತಾಡುತ್ತಿತ್ತು.

"ಏನೇ ಇದು, ಬಾಲ ಎಲ್ಲೇ?"

"ಅಳಿಸ್ದೆ. ಬೂದು ಚೆನ್ನಾಗಿರ್ಲಿಲ್ಲ."

"ಬೂದು ಬೇಡ್ವೇ ಬೇಡ. ಕಂದು... ಊಹೂಂ, ಇರು, ತುದಿ ಮಾತ್ರ ಬಿಳಿ ಮಾಡಿದ್ರೆ? ಅಲ್ಲ, ಹಾರೋವಾಗ ಕಾಣಿಸ್ಬೇಕಲ್ಲ. ಮತ್ತೆ ಇಷ್ಟೊಂದು ಮೋಡ ಯಾಕೆ ಹಿಂದೆ? ಮೋಡ ತೆಗೆದು ನೋಡು, ಈ ಕಂಪ್ಯೂಟರೇ ಓಡಿಸಿದ್ರೂ ಓಡಿಸೀತು."

"ನನ್ನ ಮೋಡ ತೆಗೆಯೋಕೆ ನೀನ್ಯಾರೋ!"

"ಶ್‌ಶ್!"

ಮಂಚದ ಮೇಲೆ ಅಮ್ಮ ಮಗ್ಗುಲು ಬದಲಿಸಿದಳು. ಇಬ್ಬರೂ ಉಸಿರು ಬಿಗಿಹಿಡಿದರು. ಆಮೇಲೆ ಬುಗುರಿ ಒಂದು ಮೋಡ ಆರಿಸಿಕೊಂಡು ಅಳಿಸುವ ಕೀ ಒತ್ತಿದಳು. ಯಾವಾಗಲೂ ಟಪ್ಪೆಂದು ಕುಟ್ಟುತ್ತಿದ್ದ ಆ ಕೀ ಇವತ್ತು ಒಂದಿಷ್ಟೂ ಸದ್ದು ಮಾಡಲಿಲ್ಲ.