ಗಂಟೆಗಿರಿಗೆ ಭಾರ ತಂದ ನಿಲುವೀಣೆ

ಬಹಳ ಕಾಲದ ಹಿಂದೆ, ಏಳು ಗುಡ್ಡಗಳಾಚೆ, ಗಂಟೆಗಿರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಸಿಳ್ಳಪ್ಪನೆಂಬ ಮಾಟಗಾರ ಬಂದ. ಕೊಳಲೂದಿ ಊರಿನ ದಪ್ಪ ದನಿಗಳನ್ನೆಲ್ಲ ನುಂಗಿಬಿಟ್ಟ. ನಗಾರಿ ಕೀಚೆಂದಿತು, ಆನೆ ಇಲಿಯಂತೆ ಕೂಗಿತು. ಜಗತ್ತಿಗೆ ಭಾರ ಕೊಡುವುದು ಆ ಮಂದ್ರದ ದನಿಯೇ ತಾನೆ? ಅದು ಹೋದದ್ದೇ ತಡ, ಎಲ್ಲವೂ ಹಗುರಾಗಿ ಮೇಲೇರತೊಡಗಿತು. ಜನ ಮಡಿಲಲ್ಲಿ ಕಲ್ಲು ಕಟ್ಟಿಕೊಂಡು ಓಡಾಡಿದರು.

ಗಾಣದ ಸಣ್ಣೀರಮ್ಮನ ಗಂಡ ಕಲ್ಲು ಕಟ್ಟಿಕೊಳ್ಳಲು ಮರೆತ. ಬಾವಿಯ ಹಗ್ಗದ ತುದಿಗೆ ಸಿಕ್ಕಿ, ಮಾಳಿಗೆಯ ಮೇಲೆ ಗಾಳಿಪಟದಂತೆ ತೇಲುತ್ತಿದ್ದ. "ಇವಳೇ, ಇಲ್ಲಿಂದ ಮೂರೂರು ಕಾಣ್ತದೆ!" ಎಂದು ಕೀರಲು ದನಿಯಲ್ಲಿ ನಗುತ್ತಿದ್ದ. ಆದರೆ ಹಗ್ಗ ಹಳೆಯದು, ಎಳೆದರೆ ತುಂಡಾದೀತು; ಎಳೆಯದಿದ್ದರೂ ದಿನಕ್ಕೊಂದು ಎಳೆ ಹರಿಯುತ್ತಿತ್ತು. ಹೊಸ ಹಗ್ಗ ಎಸೆದರೆ ಅದೂ ಗಾಳಿಗೆ ಹೋಗುತ್ತಿತ್ತು. ಉಳಿದದ್ದು ಮೂರೇ ಎಳೆ.

ಈಶ್ವರನ ಗುಡಿಯ ಮಂಟಪದಲ್ಲೊಂದು ನಿಲುವೀಣೆಯಿತ್ತು. ಆಳಿಗಿಂತ ಎತ್ತರ, ಕಣಜದಂಥ ಹೊಟ್ಟೆ, ದಪ್ಪ ದಪ್ಪ ನಾಲ್ಕು ತಂತಿ. ಯಾರೂ ನುಡಿಸದೆ ಸುಮ್ಮನಿದ್ದುದರಿಂದ ಅದರ ದನಿಯೊಂದು ಮಾತ್ರ ಸಿಳ್ಳಪ್ಪನ ಬಾಯಿಗೆ ಬಿದ್ದಿರಲಿಲ್ಲ. ಕಾವಲಿಗೆ ಮಾತಾಡುವ ಮುದಿ ಆಮೆ.

"ಇದರ ದಪ್ಪ ದನಿಗಾದ್ರೂ ನಮ್ಮೋರು ಕೆಳಗಿಳೀಲಿ. ನಂಗೆ ಕಲಿಸಜ್ಜ," ಎಂದಳು ಸಣ್ಣೀರಮ್ಮ.

"ಗೇಣುದ್ದ ಇದ್ದೀಯಲ್ಲ ತಾಯಿ! ಮಣೆ ಹಾಕ್ಕೊಂಡು ಹತ್ತು."

ಮೊದಲ ದಿನ ನಿಲ್ಲುವ ಪಾಠ. ವೀಣೆ ಅವಳ ಮೇಲೇ ಮಗುಚಿತು. "ಹಿಡೀಬೇಡ. ಕೂಸನ್ನ ಒರಗಿಸ್ಕೊಳ್ಳೋ ಹಾಗೆ ಒರಗಿಸ್ಕೋ," ಎಂದಿತು ಆಮೆ. ಒರಗಿಸಿಕೊಂಡಳು, ವೀಣೆ ನಿಂತಿತು. ಅತ್ತ ಒಂದೆಳೆ ಹರಿಯಿತು.

ಎರಡನೆಯ ದಿನ ಒತ್ತುವ ಪಾಠ. ಬೆರಳಲ್ಲಿ ಬೊಬ್ಬೆಗಳೆದ್ದವು, ತಂತಿ ಕಪ್ಪೆಯಂತೆ ವಟಗುಟ್ಟಿತು. "ಬೆರಳ ಬಲ ಬೇಡ ತಾಯಿ. ರಾಗಿ ಬೀಸುವಾಗ ಗೂಟದ ಮೇಲೆ ತೋಳಿನ ಭಾರ ಬಿಡ್ತೀಯಲ್ಲ, ಹಾಗೆ ಬಿಡು." ಬಿಟ್ಟಳು. ಢುಂ! ಮಂಟಪದಲ್ಲಿ ತೇಲುತ್ತಿದ್ದ ಹಣತೆ ಇಳಿದು ನೆಲಕ್ಕೆ ಕೂತಿತು. ಅತ್ತ ಇನ್ನೊಂದೆಳೆ ಹರಿಯಿತು.

ಮೂರನೆಯ ದಿನ ಕಾಯುವ ಪಾಠ. "ನಾಲ್ಕು ಎಣಿಸು, ಒಂದು ಮೀಟು."

"ಹಾಡು ಯಾವಾಗ ಹೇಳ್ಕೊಡ್ತೀಯಜ್ಜ?"

"ಹಾಡೋರು ಹಾಡ್ತಾರೆ. ನೀನು ಅವರ ಕಾಲಿಗೆ ನೆಲ ಹಾಸು."

ಅಷ್ಟರಲ್ಲಿ ಢುಂ ದನಿ ಕೇಳಿ ಸಿಳ್ಳಪ್ಪನೇ ಬಂದ. "ಓಹೋ, ಗಾಣದವಳು ವಿದುಷಿಯಾದಳೋ! ನನ್ನ ಹಾಡಿನ ಹಿಂದೆ ಬಾ, ನೋಡೋಣ," ಎಂದು ಕೊಳಲೂದಿದ. ಸಣ್ಣೀರಮ್ಮನಿಗೆ ರೋಷ ಬಂತು. ಅವನ ಹಾಡಿನ ಬೆನ್ನಿಗೆ ಬೆರಳೋಡಿಸಿದಳು. ತಂತಿ ತೊದಲಿತು. ಮಣೆ ತೇಲಿತು, ಮೇಲೆ ನಿಂತ ಅವಳೂ ತೇಲಿದಳು.

"ಇವಳೇ, ಕಡೇ ಎಳೆ ಬಿಚ್ಕೊಳ್ತಾ ಇದೆ ಕಣೇ!" ದೂರದಿಂದ ಗಂಡನ ಕೂಗು. ಈ ಸಲ ಅದರಲ್ಲಿ ನಗುವಿರಲಿಲ್ಲ.

ಶಿವನನ್ನು ನೆನೆದಳು. ಹಾಡಿನ ಆಸೆ ಬಿಟ್ಟಳು. ವೀಣೆಯನ್ನು ಒರಗಿಸಿಕೊಂಡು, ತೋಳಿನ ಭಾರ ಬಿಟ್ಟು, ನಾಲ್ಕು ಎಣಿಸಿದಳು. ಢುಂ. ಮತ್ತೆ ನಾಲ್ಕು ಎಣಿಸಿದಳು. ಢುಂ. ಮಣೆ ಮೆಲ್ಲಗೆ ನೆಲ ಮುಟ್ಟಿತು. ಕೊಳಲಿನ ಹಾಡು ಹಾರಿತು, ಕುಣಿಯಿತು, ದಣಿಯಿತು. ಇಳಿಯಲು ಜಾಗ ಹುಡುಕಿ ಹುಡುಕಿ, ಕಡೆಗೆ ಆ ಢುಮ್ಮಿನ ಮೇಲೇ ಬಂದು ಕೂತಿತು. ತನ್ನ ಹಾಡು ಅಷ್ಟು ಇಂಪಾದದ್ದನ್ನು ಸಿಳ್ಳಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಆಹಾ!" ಎಂದು ಬಾಯಿ ತೆರೆದ. ನುಂಗಿದ್ದ ನಗಾರಿ, ಆನೆ, ಗುಡಿಯ ದೊಡ್ಡ ಗಂಟೆ, ಎಲ್ಲದರ ದನಿಯೂ ಹೊರಗೆ ನುಗ್ಗಿತು.

ಕಡೆಯ ಎಳೆಯೂ ಹರಿಯಿತು. ಆದರೆ ಗಂಡ ಮೇಲಕ್ಕೆ ಹೋಗಲಿಲ್ಲ, ಧೊಪ್ಪನೆ ಗಾಣದ ಅಂಗಳದ ಎಳ್ಳಿಂಡಿಯ ರಾಶಿಗೆ ಬಿದ್ದ. ಸಣ್ಣೀರಮ್ಮ ಓಡಿಬಂದಳು.

"ಸೊಂಟ ಮುರೀತಲ್ಲೇ!" ಎಂದ, ತನ್ನ ಹಳೆಯ ದಪ್ಪ ದನಿಯಲ್ಲಿ.

"ಮುರೀಲಿ ಬಿಡಿ. ನೆಲದ ಮೇಲಿದ್ದೀರಲ್ಲ!"

ಸಿಳ್ಳಪ್ಪನ ಮಾಟ ಅಂದಿಗೆ ಮುಗಿಯಿತು. ಈಗ ಪ್ರತಿ ಸೋಮವಾರ ಗುಡಿಯಲ್ಲಿ ಅವನು ಕೊಳಲೂದುತ್ತಾನೆ, ಅವಳು ಮಣೆ ಹತ್ತಿ ನಾಲ್ಕು ಎಣಿಸುತ್ತಾಳೆ. ಹಾಡು ಅವಳಿಗೆ ಇನ್ನೂ ಬಾರದು. ಅವರು ಅಲ್ಲಿ ನೆಲದ ಮೇಲೆ ಸುಖವಾಗಿದ್ದಾರೆ, ನಾವು ಇಲ್ಲಿ ನೆಲದ ಮೇಲೆ ಸುಖವಾಗಿದ್ದೇವೆ. ಎಲ್ಲ ಆ ಶಿವನ ದಯೆ.