ಕೀಚಲು ದನಿಯ ರೇಡಿಯೋ

ಕೋಣೆಯ ಬಾಗಿಲು ತೆರೆದ ಹಲ್ಲಿನ ಡಾಕ್ಟರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು. ಕಿಟಕಿಯ ಸರಳು ಬಗ್ಗಿತ್ತು. ಮೇಜಿನ ಮೇಲೆ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು. ಹಳೆಯ ಯುದ್ಧವಿಮಾನದ ರೇಡಿಯೋ ಸೆಟ್ ಮಾಯ! ತುಕ್ಕು ಹಿಡಿದಿದ್ದ ಆ ಡಬ್ಬವನ್ನು ವರ್ಷಗಟ್ಟಲೆ ರಿಪೇರಿ ಮಾಡಿ, ಅದರಲ್ಲೇ ಹವ್ಯಾಸಕ್ಕೆ ರೇಡಿಯೋ ನಡೆಸುವ ಊರೂರಿನ ಹ್ಯಾಮ್ ಗೆಳೆಯರಿಗೆ ಮೋರ್ಸ್ ಸಂದೇಶ ಕಳಿಸುತ್ತಿದ್ದವರು ಅವರು.

“ಹೋಗ್ಲಿ ಬಿಡಕ್ಕ, ಪೀಡೆ ತೊಲಗ್ತು,” ಎಂದ ತಮ್ಮ. “ಮಿಕ್ಕಿದ್ದನ್ನೂ ಮಾರಿ ಕೋಣೆ ಬಾಡಿಗೆಗೆ ಕೊಡೋಣ.”

“ಇಲ್ಲಿ ಒಂದು ಮೊಳೆ ಅಲ್ಲಾಡಿಸಿ ನೋಡು, ಆಮೇಲಿದೆ ನಿಂಗೆ. ಸೆಟ್ ವಾಪಸ್ ತಂದೇ ತರ್ತೀನಿ.”

*

ಇನ್ಸ್‌ಪೆಕ್ಟರ್ ಗುಜರಿಯವನನ್ನು ಎಳೆತಂದರು. ಅವನು ಆಣೆ ಪ್ರಮಾಣ ಮಾಡಿ ಅತ್ತ. ಡಾಕ್ಟರಮ್ಮ ಅವನನ್ನು ಬಿಡಿಸಿದರು. ಗುಜರಿಗೆ ಕದಿಯುವವನು ಬಾಗಿಲ ಬಳಿಯ ತಾಮ್ರದ ತಂತಿ ಬಿಟ್ಟುಹೋಗುತ್ತಾನೆಯೇ? ಈ ಕಳ್ಳ ಅದನ್ನು ಮುಟ್ಟಿರಲಿಲ್ಲ. ಮೇಜಿನಡಿ ಚಿಂದಿಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪುಟ್ಟ ಮೋಟಾರನ್ನು ಹುಡುಕಿ ಒಯ್ದಿದ್ದ. ಆ ಮೋಟಾರು ತಿರುಗದೆ ಸೆಟ್ಟಿಗೆ ಕರೆಂಟಿಲ್ಲ. ಅದು ತಮ್ಮನಿಗೂ ಗೊತ್ತಿಲ್ಲ, ಹ್ಯಾಮ್‌ಗಳಿಗಷ್ಟೇ ಗೊತ್ತು.

ಸಂತಾಪ ಹೇಳಲು ಮೊದಲು ಓಡಿಬಂದವರು ಹ್ಯಾಮ್ ಸಂಘದ ಕಾರ್ಯದರ್ಶಿ. ಮೋರ್ಸ್ ಕೀಲಿ ಒತ್ತಿದಾಗಲೆಲ್ಲ ಆ ಸೆಟ್ಟಿನ ದನಿ ‘ಪೀಂಯ್’ ಎಂದು ಜಾರುತ್ತಿತ್ತು. ಆ ಕೀಚಲು ಸರಿಮಾಡಿ, ಇಲ್ಲವೇ ಬಲ್ಲವರ ಕೈಗೆ ಸೆಟ್ ಕೊಡಿ ಎಂದು ಅವರು ಹಿಂದೆ ಸಭೆಯಲ್ಲೇ ಹಂಗಿಸಿದ್ದರು. ಅದು ಸೆಟ್ಟಿನ ಹುಟ್ಟುದನಿ, ಮುಟ್ಟುವುದಿಲ್ಲ ಎಂದಿದ್ದರು ಡಾಕ್ಟರಮ್ಮ. ಆದರೆ ಆ ಸೆಟ್ಟಿನ ಮೇಲೆ ಕಣ್ಣಿಟ್ಟವರು ಸಂಘದಲ್ಲಿ ಇನ್ನೂ ಹಲವರಿದ್ದರು.

ಸಂಜೆ ಡಾಕ್ಟರಮ್ಮ ಇನ್ನೊಂದು ರೇಡಿಯೋದಲ್ಲಿ, ಇಡೀ ಸಂಘ ಕೇಳುವ ಹಾಗೆ ಸಾರಿದರು. ಪಾಪ, ಕಳ್ಳ ಮೋಸಹೋದ. ಸೆಟ್ಟಿನ ದೊಡ್ಡ ವಾಲ್ವ್ ಹೋದ ವಾರವೇ ಸುಟ್ಟಿದೆ, ಅದಿನ್ನು ಉಸಿರೆತ್ತುವುದಿಲ್ಲ.

ಅಪ್ಪಟ ಸುಳ್ಳು. ತಮ್ಮ ಕಣ್ಣುಕಣ್ಣು ಬಿಟ್ಟ.

“ಬಾಯಿ ತೆರೆಸೋದು ನನ್ನ ಕಸುಬು ಕಣೋ,” ಎಂದರು.

*

ಮರುದಿನ ಇಯರ್‌ಫೋನು ಕಿವಿಯಿಂದ ತೆಗೆಯಲಿಲ್ಲ. ಹಲ್ಲುನೋವಿನವರೆಲ್ಲ ಕಾದರು. ಮಧ್ಯಾಹ್ನ, ರೇಡಿಯೋ ಅಲೆಗಳ ಯಾರೂ ಬಳಸದ ಮೂಲೆಯೊಂದರಲ್ಲಿ, ‘ಪೀಂಯ್’! ಹೆಸರಿಲ್ಲ, ಸಂದೇಶವಿಲ್ಲ, ಬರೀ ಪರೀಕ್ಷೆಯ ಚುಕ್ಕಿ ಗೆರೆ.

ಇನ್ಸ್‌ಪೆಕ್ಟರ್ ಗೊಣಗುತ್ತಲೇ ಜೀಪು ತಂದರು. ಡಾಕ್ಟರಮ್ಮನ ಮಡಿಲಲ್ಲಿ ಪುಟ್ಟ ರೇಡಿಯೋ, ಕೈಯಲ್ಲಿ ದೊಡ್ಡದೊಂದು ಲೋಹದ ಬಳೆ. ವಿಮಾನಕ್ಕೆ ದಿಕ್ಕು ತೋರಿಸುತ್ತಿದ್ದ ಆಂಟೆನಾ ಅದು. ಕಳ್ಳ ಬೇಡವೆಂದು ಬಿಟ್ಟುಹೋಗಿದ್ದ. ಬಳೆ ತಿರುಗಿಸಿದಂತೆ ದನಿ ಏರಿಳಿಯುತ್ತಿತ್ತು. ಅದರಿಂದ ದಿಕ್ಕು ಹಿಡಿದು, ಬೀದಿಬೀದಿಗೂ ನಿಂತು ನೋಡುತ್ತಾ ಹೋದರು. ಸೆಟ್ ಸತ್ತಿಲ್ಲವೆಂಬ ಖುಷಿಗೆ ಕಳ್ಳ ಒತ್ತುತ್ತಲೇ ಇದ್ದ. ಜೀಪು ನಿಂತದ್ದು ಕಾರ್ಯದರ್ಶಿಯ ಗೇಟಿನ ಮುಂದೆ.

ಬಾಗಿಲು ತೆರೆದಾಗ ಮೋಟಾರು ಇನ್ನೂ ಗುಂಯ್‌ಗುಡುತ್ತಿತ್ತು.

ಇದು ಅಂಥದ್ದೇ ಇನ್ನೊಂದು ಸೆಟ್, ನನ್ನದು ಎಂದು ಕಾರ್ಯದರ್ಶಿ ತೊದಲಿದರು. ಡಾಕ್ಟರಮ್ಮ ಸೆಟ್ಟಿನ ಮುಚ್ಚಳ ಎತ್ತಿ, ಒಳಗೆ ತಾವೇ ಹಲ್ಲಿನ ಸಿಮೆಂಟಿನಿಂದ ಅಂಟಿಸಿದ್ದ ಬಿರುಕನ್ನು ಇನ್ಸ್‌ಪೆಕ್ಟರಿಗೆ ತೋರಿಸಿದರು.

“ನಿಮ್ಮ ಕೈಲಿ ಅದು ಹಾಳಾಗ್ತಿತ್ತು,” ಕಾರ್ಯದರ್ಶಿ ಕಿಡಿಕಾರಿದರು. “ಆ ಕೀಚಲು ಸರಿಮಾಡೋ ಯೋಗ್ಯತೆನೂ ಇಲ್ಲ ನಿಮಗೆ.”

“ಸರಿಮಾಡಿದ್ರೆ ನೀವು ಸಿಕ್ತಾನೇ ಇರ್ಲಿಲ್ಲ ಸಾರ್.”

ಸೆಟ್ಟನ್ನು ಯಾರ ಕೈಗೂ ಕೊಡದೆ ತಾವೇ ಎತ್ತಿಕೊಂಡು ಬಂದರು. ಮನೆಯಲ್ಲಿ ತಮ್ಮ ಕಿಟಕಿಯ ಸರಳು ನೆಟ್ಟಗೆ ಮಾಡುತ್ತಿದ್ದ. ಡಾಕ್ಟರಮ್ಮ ಸೆಟ್ಟನ್ನು ಅದರ ಚೌಕದಲ್ಲಿಟ್ಟು, ಸಂಘದವರೆಲ್ಲ ಕೇಳಲೆಂದೇ ಕೀಲಿ ಒತ್ತಿದರು. ಪೀಂಯ್!